ತೋಟದ ಶೆಡ್ಡಲ್ಲಿ ನಿಂತಿರೋ ಹಳೇ ಮಹೀಂದ್ರ ಎಫ್‌ಸಿ ಪಿಕಪ್ ಮನೇಲೇ ರೆಡಿ ಮಾಡ್ಬಹುದಾ? ಮಾಡಿದವರು ಹೇಳಿ

ಪ್ರಶ್ನೆ, ಮೂಡಿಗೆರೆ:
ನಮ್ಮಜ್ಜ ಕಾಫಿ ಮೂಟೆ ಸಾಗ್ಸೋಕೆ ತಗೊಂಡಿದ್ದ ಮಹೀಂದ್ರ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್) ಪಿಕಪ್ ಒಂದು ಶೆಡ್ಡಲ್ಲಿದೆ, ಅದೇ ಬಾನೆಟ್ ಇಲ್ದೆ ಮೂತಿ ಚಪ್ಪಟೆ ಇರುತ್ತಲ್ಲ ಆ ಗಾಡಿ. ಆರ್‌ಸಿಯಲ್ಲಿ 1971 ಅಂತಿದೆ, ಪೆಟ್ರೋಲ್ ಹರಿಕೇನ್ ಇಂಜಿನ್ನು, ಹಳೇ ಮೈಸೂರು ರಾಜ್ಯದ ಎಂವೈ ನಂಬರ್ ಪ್ಲೇಟೂ ಹಾಗೇ ಇದೆ. ಸ್ಟಾರ್ಟ್ ಆಗಿ ಹತ್ತಿಪ್ಪತ್ತು ವರ್ಷ ಆಗಿರ್ಬೇಕು, ಇಂಜಿನ್ ತಿರುಗ್ತಾನೇ ಇಲ್ಲ. ಬೈಕ್ ಬಿಚ್ಚಿ ಜೋಡಿಸೋ ಅಷ್ಟು ಕೆಲಸ ನಂಗೆ ಗೊತ್ತು, ವೆಲ್ಡಿಂಗ್ ಬರಲ್ಲ. ಪೂರ್ತಿ ಬಿಚ್ಚಿ ಚಾಸಿಯಿಂದಾನೇ ಶುರು ಮಾಡ್ಲಾ? ನಮ್ಮೂರ ಮೆಕ್ಯಾನಿಕ್ ಈ ಇಂಜಿನ್ ಗುಜರಿಗೆ ಹಾಕಿ ಡೀಸೆಲ್ ಕೂರಿಸೋಣ ಅಂತಾನೆ. ದಾಖಲೆ ಕಥೆ ಏನು? ಗೊತ್ತಿದ್ದಷ್ಟು ಹೇಳಿ.

ಬೆಂಗಳೂರಿಂದ:
ಬ್ಯಾಟರಿ ತಂದು ಸೆಲ್ಫ್ ಹೊಡೆಯೋಕೆ ಮಾತ್ರ ಹೋಗ್ಬೇಡಿ ಮಾರಾಯ್ರೆ. ಇಷ್ಟು ವರ್ಷ ನಿಂತಿರೋ ಇಂಜಿನ್ನಲ್ಲಿ ರಿಂಗ್ ಬೋರಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತೆ, ಬಲವಂತ ಮಾಡಿದ್ರೆ ರಿಂಗ್ ಮುರಿಯುತ್ತೆ, ಪಿಸ್ಟನ್ನೂ ಹೋಗುತ್ತೆ. ಸೀಟ್ ಮಧ್ಯೆ ಇಂಜಿನ್ ಮುಚ್ಚಿರೋ ಡಬ್ಬ ಎತ್ತಿ, ನಾಲ್ಕೂ ಪ್ಲಗ್ ಬಿಚ್ಚಿ, ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕೋ) ಆಯಿಲು ಅಸಿಟೋನು ಅರ್ಧರ್ಧ ಕಲಸಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಸ್ವಲ್ಪ ಹುಯ್ದು ಬಿಟ್ಬಿಡಿ, ಎರಡು ಮೂರು ದಿನಕ್ಕೊಂದ್ಸಲ ಇನ್ನಷ್ಟು ಹಾಕ್ತಾ ಇರಿ, ಹತ್ರ ಬೀಡಿ ಸಿಗರೇಟ್ ಯಾರೂ ಹಚ್ಚಬಾರ್ದು. ಆಮೇಲೆ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಉದ್ದ ಹಿಡಿಕೆ ಸಾಕೆಟ್ ಹಾಕಿ ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲ್ಲಾಡ್ಸಿ. ಕೂದಲೆಳೆಯಷ್ಟು ಅಲ್ಲಾಡಿದ್ರೂ ಸಾಕು, ಗೆದ್ದಂಗೆ. ಅವಸರ ಇರೋರಿಗೆ ಈ ಕೆಲಸ ಅಲ್ಲ.

ಈ ಹರಿಕೇನ್ ಇಂಜಿನ್ ಸ್ವಲ್ಪ ವಿಚಿತ್ರ, ಎಫ್-ಹೆಡ್ ಅಂತಾರೆ, 134 ಕ್ಯೂಬಿಕ್ ಇಂಚು ಅಂದ್ರೆ ನಮ್ಮ ಲೆಕ್ಕದಲ್ಲಿ 2.2 ಲೀಟರು. ಇನ್ಲೆಟ್ ವಾಲ್ವ್ ಮೇಲೆ ಹೆಡ್ಡಲ್ಲಿರುತ್ತೆ, ಎಕ್ಸಾಸ್ಟ್ ವಾಲ್ವ್ ಮಾತ್ರ ಕೆಳಗೆ ಬ್ಲಾಕಲ್ಲೇ. ಹಾಗಾಗಿ ಹೆಡ್ ಬಿಚ್ಚಿ ವರ್ಕ್‌ಶಾಪಿಗೆ ಕೊಟ್ಟು ತಂದ್ಬಿಟ್ರೆ ವಾಲ್ವ್ ಕೆಲಸ ಮುಗೀತು ಅಂದ್ಕೋಬೇಡಿ, ಅರ್ಧ ಇನ್ನೂ ಬ್ಲಾಕಲ್ಲಿ ಕೂತಿರುತ್ತೆ, ಬಿಸಿ ತಿನ್ನೋದೂ ಆ ಅರ್ಧವೇ. ಬ್ಲಾಕ್ ಪಕ್ಕದಲ್ಲಿ ಒಂದು ತಗಡಿನ ಮುಚ್ಚಳ ಇದೆ, ಅದನ್ನ ತೆಗೆದ್ರೆ ಎಕ್ಸಾಸ್ಟ್ ವಾಲ್ವಿನ ಸ್ಪ್ರಿಂಗು ಟ್ಯಾಪೆಟ್ಟು ಸಾಲಾಗಿ ಕಾಣುತ್ತೆ. ಇಂಜಿನ್ ತಿರುಗೋಕೆ ಶುರುವಾದ್ಮೇಲೆ ಟಾರ್ಚ್ ಹಿಡ್ಕೊಂಡು ಅಲ್ಲಿ ನೋಡಿ, ಎಲ್ಲಾ ಸ್ಪ್ರಿಂಗೂ ಒತ್ತಿಕೊಂಡು ವಾಪಸ್ ಬರ್ತಾ ಇರ್ಬೇಕು, ಯಾವುದೋ ಒಂದು ಒತ್ತಿಕೊಂಡೇ ನಿಂತ್ಬಿಟ್ರೆ ಆ ವಾಲ್ವ್ ಗೈಡಲ್ಲಿ ಸಿಕ್ಕಾಕ್ಕೊಂಡಿದೆ ಅಂತ. ಎಣ್ಣೆ ಬಿಟ್ಟು ಮರದ ತುಂಡಿಟ್ಟು ನಾಜೂಕಾಗಿ ತಟ್ಟಿ ಬಿಡಿಸ್ಬೇಕು. ಹೆಡ್ ಬಿಚ್ಚಿದ್ರೆ ಎಕ್ಸಾಸ್ಟ್ ಸೀಟಿನಿಂದ ಬೋರ್ ಕಡೆಗೆ ಬಿರುಕು ಬಂದಿದೆಯಾ ನೋಡ್ಕೊಳ್ಳಿ, ಅದಿದ್ರೆ ಬೇರೆ ಲೆಕ್ಕಾಚಾರ. ಟ್ಯಾಪೆಟ್ ಗ್ಯಾಪು ತಣ್ಣಗಿದ್ದಾಗ ಇನ್ಲೆಟ್ 18 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ), ಎಕ್ಸಾಸ್ಟ್ 16 ಥೌ, ಪ್ಲಗ್ 30 ಥೌ, ಫೈರಿಂಗ್ ಆರ್ಡರ್ 1-3-4-2.

ಪೂರ್ತಿ ಬಿಚ್ಚೋ ವಿಷಯ. ಬೇಡ ಅಂತೀನಿ ನಾನು. ಶಿವಾಜಿನಗರ ಗುಜರಿಗೆ ಬರೋ ಹಳೇ ಜೀಪುಗಳಲ್ಲಿ ಎಷ್ಟೋ ಗಾಡಿ ಕೆಟ್ಟು ಬಂದಿದ್ದಲ್ಲ, ಯಾರೋ ಪುಣ್ಯಾತ್ಮ ಆಸೆಯಿಂದ ಪೂರ್ತಿ ಬಿಚ್ಚಿ ಜೋಡಿಸೋಕಾಗ್ದೆ ಗೋಣಿಚೀಲದಲ್ಲಿ ತುಂಬಿ ಮಾರಿದ್ದು. ಬ್ರೇಕು, ಪೆಟ್ರೋಲ್ ಲೈನು, ರೇಡಿಯೇಟರು, ವೈರಿಂಗು, ಹೀಗೆ ಒಂದೊಂದೇ ಭಾಗ ಬಿಚ್ಚಿ ಮುಗಿಸಿ ವಾಪಸ್ ಹಾಕಿ ಮುಂದಿನದಕ್ಕೆ ಹೋಗಿ. ಗಾಡಿ ತನ್ನ ಕಾಲ ಮೇಲೆ ತಾನು ತೋಟದೊಳಗೆ ಒಂದು ಸುತ್ತು ಓಡಿ ನಿಲ್ಲೋ ಹಾಗಾದ್ಮೇಲೆ ಬಾಡಿ ಕೆಲಸ. ಪೇಂಟಿಂದ ಶುರು ಮಾಡಿದೋರು ಆಮೇಲೆ ಆ ಹೊಸ ಪೇಂಟಿನ ಮೇಲೇನೇ ಸ್ಪ್ಯಾನರ್ ಬೀಳ್ಸ್ಕೊಂಡು ಅಳ್ತಾರೆ.

ಇನ್ನೊಂದು, ಬೈಕಿನ ಸ್ಪ್ಯಾನರ್ ಸೆಟ್ ಇದಕ್ಕೆ ಆಗಲ್ಲ. ಇದೆಲ್ಲ ಇಂಚು. ಅರ್ಧ ಇಂಚಿನ ಬೋಲ್ಟಿಗೆ 13 ಹಾಕಿದ್ರೆ ಹಿಡಿದಂಗೆ ಅನ್ಸುತ್ತೆ, ಆದ್ರೆ ಅದು 12.7, ತುಕ್ಕು ಹಿಡಿದಿರೋದಕ್ಕೆ ಜೋರು ಕೊಟ್ಟಾಗ ಮೂಲೆ ಸವೆದು ಗುಂಡಗಾಗುತ್ತೆ. 9/16ಕ್ಕೆ 14 ಹೋಗಲ್ಲ, 15 ಜಾರುತ್ತೆ. ಮುಕ್ಕಾಲು ಇಂಚಿಗೆ ಮಾತ್ರ 19 ನಡೆಯುತ್ತೆ. ಬೆಂಗಳೂರು ಜೆಸಿ ರೋಡಲ್ಲಿ ಇಂಚಿನ ಅಳತೆಯ ರಿಂಗ್ ಸ್ಪ್ಯಾನರ್ ಸೆಟ್ ಒಂದು ತಗೊಂಡ್ಬಿಡಿ, ಮೊದಲ ಖರ್ಚು ಅದೇ ಆಗ್ಲಿ.

ಹುಬ್ಬಳ್ಳಿಯಿಂದ:
ಡೀಸೆಲ್ ಕೂಡಸೂಣು ಅಂದ ಆ ಮೆಕ್ಯಾನಿಕ್‌ಗ ಒಂದ ಕಪ್ ಚಾ ಕುಡಿಸಿ ಮನಿಗೆ ಕಳಸ್ರಿ. ಒಮ್ಮೆ ಡೀಸೆಲ್ ಕೂಡಿಸಿದ್ರ ಮೌಂಟಿಂಗ್ ಕಟ್ ಮಾಡಬೇಕು, ರೇಡಿಯೇಟರ್ ಬದಲಿ, ಎಕ್ಸಾಸ್ಟ್ ಬದಲಿ, ಆರ್‌ಸಿಯೊಳಗ ಫ್ಯೂಯೆಲ್ಲೂ ಇಂಜಿನ್ ನಂಬರೂ ಬದಲಿ ಮಾಡಸ್ಬೇಕು, ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಆರ್‌ಟಿಓ ಒಪ್ಪಿಗಿ ಇಲ್ಲದ ಮಾಡಂಗಿಲ್ಲ. ಇಷ್ಟೆಲ್ಲಾ ಮಾಡಿದ ಮ್ಯಾಲೆ ಅದು ನಿಮ್ಮಜ್ಜನ ಗಾಡಿ ಹೆಂಗ ಆಕ್ಕೈತ್ರಿ? ದಿನಾ ಲೋಡ್ ಹೊಡ್ಯಾಂವಗ ಅದು ಸರಿ, ನಿಮಗ್ಯಾಕ.

ನಾ ಹೇಳೂದು ಬ್ರೇಕಿನ ಬಗ್ಗೆ. ಇದು ಹಳೇ ಕಾಲದ ಸಿಂಗಲ್ ಸರ್ಕ್ಯೂಟ್, ನಾಲ್ಕೂ ಗಾಲಿಗೆ ಒಂದ ಲೈನು. ಎಲ್ಲೆರ ಒಂದ ಕಡೆ ಪೈಪ್ ತೂತ ಬಿದ್ರ ನಾಲ್ಕೂ ಬ್ರೇಕ್ ಒಮ್ಮೆಲೇ ಹೋಗ್ತಾವ, ಪೆಡಲ್ ಸೀದಾ ನೆಲಕ್ಕ. ಹಂಗಾಗಿ ಹಳೇ ಪೈಪ್ ಚಂದ ಕಾಣಸ್ತೈತಿ ಅಂತ ಬಿಡಬ್ಯಾಡ್ರಿ, ಪೈಪು, ಹೋಸು, ವೀಲ್ ಸಿಲಿಂಡರ್ ರಬ್ಬರು, ಮಾಸ್ಟರ್ ಸಿಲಿಂಡರ್ ಕಿಟ್ಟು ಎಲ್ಲಾ ಹೊಸಾದು. ತಾಮ್ರದ ಪೈಪ್ ಬಗ್ಗಸಾಕ ಸುಲಭ ಅಂತ ಕೆಲವರು ಹಾಕ್ತಾರ, ಬ್ಯಾಡ, ಉಕ್ಕಿಂದ ಹಾಕ್ರಿ. ಡ್ರಮ್ ಬಿಚ್ಚಿದಾಗ ಒಳಗಿನ ಕರೇ ಧೂಳ ಗಾಳಿ ಹೊಡ್ದು ಹಾರಸಬ್ಯಾಡ್ರಿ, ಹಳೇ ಲೈನಿಂಗಿನ್ಯಾಗ ಆಸ್ಬೆಸ್ಟಾಸ್ ಇರ್ತೈತಿ, ಸೋಪಿನ ನೀರ ಹಾಕಿ ತೊಯ್ಸಿ ತೊಳೀರಿ, ಮಾರಿಗೆ ಮಾಸ್ಕ್ ಇರ್ಲಿ.

ಹ್ಯಾಂಡ್ ಬ್ರೇಕ್ ಈ ಗಾಡಿಯೊಳಗ ಗಾಲಿಗೆ ಇರೂದಿಲ್ಲ, ಮುಂದಿನ ಹಿಂದಿನ ಗಾಲಿಗೆ ಬಲಾ ಹಂಚೂ ಟ್ರಾನ್ಸ್‌ಫರ್ ಕೇಸಿನ ಹಿಂದ ಪ್ರೊಪೆಲರ್ ಶಾಫ್ಟಿನ ಮ್ಯಾಲೆ ಒಂದ ಸಣ್ಣ ಡ್ರಮ್ ಇರ್ತೈತಿ. ಅಲ್ಲಿ ಆಯಿಲ್ ಸೀಲ್ ಸೋರಿದ್ರ ಎಣ್ಣಿ ಸೀದಾ ಆ ಡ್ರಮ್ಮಿನ್ಯಾಗ ಇಳೀತೈತಿ, ಆಮ್ಯಾಲೆ ಎಷ್ಟ ಜಗ್ಗಿದ್ರೂ ಹ್ಯಾಂಡ್ ಬ್ರೇಕ್ ಹಿಡ್ಯಂಗಿಲ್ಲ. ಜನಾ ಕೇಬಲ್ ಬದಲಿ ಮಾಡಿ ಮಾಡಿ ಸುಸ್ತಾಗ್ತಾರ, ಖರೇ ಅಂದ್ರ ಹೋಗಿದ್ದು ಸೀಲು. ನಿಮ್ಮ ಕಡೆ ಬರೇ ಘಾಟ್, ಇದನ್ನ ಮೊದಲ ನೋಡ್ರಿ. ಗೇರ್ ಬಾಕ್ಸಿಗೆ ಜಿಎಲ್-5 ಆಯಿಲ್ ಹಾಕಬ್ಯಾಡ್ರಿ, ಒಳಗ ಗೇರ್ ಸಲೀಸ ಬೀಳಾಕ ಹಿತ್ತಾಳಿ ಸಿಂಕ್ರೊ ರಿಂಗ್ ಅದಾವ, ಜಿಎಲ್-4 ಕೇಳಿ ತಗೋರಿ. ಫಸ್ಟ್ ಗೇರಿಗೆ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಂತ ಮ್ಯಾಲನ ಫಸ್ಟ್ ಹಾಕ್ರಿ, ಕರ್ರ್ ಅಂದ್ರ ಗೇರ್ ಬಾಕ್ಸ್ ಹೋಗೇತಿ ಅಂತ ಗಾಬರಿ ಬೀಳಬ್ಯಾಡ್ರಿ.

ಮಂಗಳೂರಿನಿಂದ:
ತುಕ್ಕಿನ ವಿಷಯದಲ್ಲಿ ನಮ್ಮ ಕಡಲ ಕರೆಯವರಷ್ಟು ಅನುಭವ ಯಾರಿಗೂ ಇರ್ಲಿಕ್ಕಿಲ್ಲ ಮಾರ್ರೆ. ಸಣ್ಣ ಸಣ್ಣ ಭಾಗ ಉಂಟಲ್ಲ, ಬ್ರಾಕೆಟ್, ಹಿಂಜ್, ಪೆಡಲ್, ಇದನ್ನೆಲ್ಲ ವೈರ್ ಬ್ರಷ್ಷಲ್ಲಿ ತಿಕ್ಕಿ ಕೈ ನೋಯಿಸಿಕೊಳ್ಳುವುದು ಬೇಡ. ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿಸಿ ವಾಷಿಂಗ್ ಸೋಡಾ ಕರಗಿಸಿ, ಅಡುಗೆ ಸೋಡಾ ಅಲ್ಲ ಬಟ್ಟೆ ಒಗೆಯುವ ಸೋಡಾ, ಒಂದು ಬಕೆಟ್ ನೀರಿಗೆ ನಾಲ್ಕೈದು ದೊಡ್ಡ ಚಮಚ ಸಾಕು. ತುಕ್ಕಿನ ತುಂಡನ್ನು ತಂತಿಯಲ್ಲಿ ನೇತು ಹಾಕಿ ಬ್ಯಾಟರಿ ಚಾರ್ಜರಿನ ನೆಗೆಟಿವ್ ಕೊಡಿ, ಪಕ್ಕದಲ್ಲಿ ಹಳೆ ಕಬ್ಬಿಣದ ರಾಡ್ ಇಳಿಸಿ ಅದಕ್ಕೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದ ಕೂಡ್ಲೆ ತುಂಡಿನ ಸುತ್ತ ಸಣ್ಣ ಗುಳ್ಳೆ ಏಳ್ಲಿಕ್ಕೆ ಶುರುವಾಗ್ತದೆ, ಮರುದಿನ ನೋಡಿದ್ರೆ ಮೇಲೆ ಕಂದು ಬಣ್ಣದ ಕೊಳೆನೊರೆ, ತುಂಡು ತೆಗೆದು ತೊಳೆದ್ರೆ ಕಪ್ಪು ಮಸಿಯ ಹಾಗೆ ಉಜ್ಜಿ ಬರ್ತದೆ, ಅಡಿಯಲ್ಲಿ ಒಳ್ಳೆ ಲೋಹ. ರಾಡಿನ ಜಾಗದಲ್ಲಿ ಸ್ಟೀಲ್ ಚಮಚ ಸ್ಟೀಲ್ ತಟ್ಟೆ ಹಾಕಬೇಡಿ, ಅದರ ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತದೆ. ಗುಳ್ಳೆ ಅಂದ್ರೆ ಹೈಡ್ರೋಜನ್, ಹೊರಗೆ ಗಾಳಿ ಆಡುವಲ್ಲಿ ಮಾಡಿ. ತೆಗೆದ ಮೇಲೆ ಒಣಗಿಸಿ ಅದೇ ದಿನ ಪ್ರೈಮರ್ ಹೊಡೀಬೇಕು, ನಾಳೆ ಅಂದ್ರೆ ಮತ್ತೆ ಕೆಂಪು. ಸ್ಪ್ರಿಂಗಿಗೆ ಇದು ಮಾಡಬೇಡಿ, ಮುರಿಯುವ ಹಾಗೆ ಆಗ್ತದೆ.

ಪೆಟ್ರೋಲ್ ಟ್ಯಾಂಕ್ ಮಾತ್ರ ಯಾವ ವೆಲ್ಡರಿಗೂ ಹಾಗೇ ಕೊಡಬೇಡಿ. ಎಷ್ಟೇ ವರ್ಷ ಖಾಲಿ ಇದ್ರೂ ಸಂದಿಯಲ್ಲಿ ಆವಿ ಕೂತಿರ್ತದೆ, ಕಿಡಿ ತಾಗಿದ್ರೆ ಬಾಂಬು. ಒಳಗೆ ಒಂದು ಹಿಡಿ ಜಲ್ಲಿ ಅಥವಾ ಸಣ್ಣ ಚೈನ್ ಹಾಕಿ, ಸೋಪಿನ ನೀರು ಹಾಕಿ ಕುಲುಕಿಸಿ ಕುಲುಕಿಸಿ ತೊಳೀರಿ, ತುಂಬಾ ತೂತಿದ್ರೆ ಹೊಸ ಟ್ಯಾಂಕೇ ಮಾಡಿಸಿ. ಮತ್ತೆ ಈಗ ಬಂಕಿನಲ್ಲಿ ಸಿಗುವುದು ಇ20, ಎಥೆನಾಲ್ ಹಾಕಿದ್ದು. ಹಳೆ ರಬ್ಬರ್ ಹೋಸು, ಫ್ಯೂಯೆಲ್ ಪಂಪಿನ ಡಯಾಫ್ರಮ್ಮು ಅದಕ್ಕೆ ಹೇಳಿ ಮಾಡಿಸಿದ್ದಲ್ಲ, ಮೆತ್ತಗಾಗಿ ಸೋರ್ತದೆ, ಅದೂ ನಿಮ್ಮ ಗಾಡಿಯಲ್ಲಿ ಇಂಜಿನ್ ಇರುವುದು ತೊಡೆಯ ಪಕ್ಕದಲ್ಲೇ. ಎಥೆನಾಲ್ ತಡೆಯುವ ಹೋಸ್ ಅಂತಲೇ ಕೇಳಿ ತನ್ನಿ. ತಿಂಗಳುಗಟ್ಟಲೆ ನಿಲ್ಲಿಸುವುದಾದ್ರೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಸಕಲೇಶಪುರದಿಂದ:
ಬೆಂಗಳೂರಿನವರು ಹೇಳಿದ್ದು ಒಪ್ತೀನಿ ಆದ್ರೆ ಮಲ್ನಾಡ್ ಗಾಡಿಗೆ ಒಂದು ತಿದ್ದುಪಡಿ. ಇಂಜಿನ್ನಿಗೆ ಕೈ ಹಾಕೋ ಮೊದ್ಲು ಕೆಳಗೆ ಮಲ್ಕೊಂಡು ಚಾಸಿನ ಸುತ್ತಿಗೆಯಲ್ಲಿ ತಟ್ಟಿ ನೋಡಿ, ಸ್ಪ್ರಿಂಗ್ ಹ್ಯಾಂಗರ್ ಹತ್ರ, ಕ್ಯಾಬ್ ಮೌಂಟ್ ಹತ್ರ. ಠಣ್ ಅಂದ್ರೆ ಸರಿ, ದಪ್ ಅಂದ್ರೆ ಒಳಗೆ ತಿಂದಿದೆ. ಚಾಸಿ ಹೋಗಿದ್ರೆ ಇಂಜಿನ್ ಎಷ್ಟು ಚೆನ್ನಾಗಿ ಮಾಡಿ ಏನ್ ಬಂತು? ಆಗ ಪೂರ್ತಿ ಬಿಚ್ಲೇಬೇಕು, ಬೇರೆ ದಾರಿ ಇಲ್ಲ. ಮಲ್ಕೊಳೋ ಮುಂಚೆ ಸರಿಯಾದ ಜಾಕ್ ಸ್ಟ್ಯಾಂಡ್ ಕೊಡಿ, ಸೈಜುಗಲ್ಲು ಸಿಮೆಂಟ್ ಬ್ಲಾಕು ಬೇಡವೇ ಬೇಡ, ಶೆಡ್ ನೆಲ ಮಣ್ಣಾಗಿದ್ರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ. ಎಫ್‌ಸಿಗೆ ಭಾರ ಎಲ್ಲಾ ಮೂತಿ ಕಡೆ, ಹಿಂದಿನ ಡಬ್ಬ ಇಳಿಸಿದ್ರೆ ಇನ್ನೂ ಮುಂದಕ್ಕೆ ವಾಲುತ್ತೆ.

ಬಾಡಿ ಕೆಲಸ ಡಿಸೆಂಬರಿಂದ ಏಪ್ರಿಲ್ ಒಳಗೆ ಮುಗಿಸ್ಕೊಳ್ಳಿ. ಮಳೆಗಾಲದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದ್ರೆ ಬಿಳಿ ಮಬ್ಬು ಕೂತ್ಬಿಡುತ್ತೆ, ಎಷ್ಟು ಪಾಲಿಶ್ ಹಾಕಿದ್ರೂ ಅಷ್ಟೇ. ಟಿಂಕರ್ ಹತ್ರ ಮೊದ್ಲೇ ಮಾತಾಡಿ, ತುಕ್ಕಿನ ಮೇಲೆ ಪುಟ್ಟಿ ಬಳಿಯೋದಾದ್ರೆ ಗಾಡಿ ಮುಟ್ಟೋದೇ ಬೇಡ, ತುಕ್ಕಿನ ಭಾಗ ಕತ್ತರಿಸಿ 18 ಗೇಜ್ ಶೀಟ್ ಹಾಕಿ ವೆಲ್ಡ್ ಮಾಡಿ ಆಮೇಲೆ ಎಪಾಕ್ಸಿ ಪ್ರೈಮರ್ ಅಂತ. ಬಾಗಿಲ ಅಡಿಯ ನೀರು ಹೋಗೋ ತೂತು ಮುಚ್ಚಿ ಹಾಕ್ತಾರೆ, ನಿಂತು ನೋಡ್ಕೊಳ್ಳಿ. ಹಾರ್ಡ್‌ನರ್ ಕಲಸಿ ಹೊಡೆಯೋ 2ಕೆ ಪೇಂಟ್ ಮನೇಲಿ ಹೊಡೀತೀನಿ ಅಂದ್ರೆ ಬಟ್ಟೆ ಮಾಸ್ಕ್ ಸಾಲಲ್ಲ, ಅದರ ಹಾರ್ಡ್‌ನರ್ ಶ್ವಾಸಕೋಶಕ್ಕೆ ಕೆಟ್ಟದ್ದು. ನಾನಾದ್ರೆ ಅದನ್ನ ಹೊರಗೇ ಕೊಡ್ತೀನಿ. ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಟಿಂಕರಿಂಗ್ ಪೇಂಟಿಂಗೇ ನುಂಗುತ್ತೆ, ಇಂಜಿನ್ ಅಲ್ಲ. ವೈರಿಂಗ್ ಹಳೇದು ಒಂದು ತಂತೀನೂ ಉಳಿಸ್ಬೇಡಿ, ಇಲಿ ತಿಂದು ಉಳಿದಿದ್ದು ಬಿಸಿಲಿಗೆ ಪುಡಿ ಆಗಿರುತ್ತೆ.

ಮೈಸೂರಿಂದ, ದಾಖಲೆ ಬಗ್ಗೆ:
2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು, ಚಾಸಿ ಬಾಡಿ ಇಂಜಿನ್ ಬದಲಾಗಿರಬಾರ್ದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ, ಆಮೇಲೆ ನವೀಕರಣಕ್ಕೆ 5,000. ನಂಬರಲ್ಲಿ ವಿಎ ಅಂತ ಬರುತ್ತೆ. ಆದ್ರೆ ದಿನಬಳಕೆಗೆ ರೋಡಿಗೆ ಇಳಿಸೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕ್ಸೋಕೆ ಅಷ್ಟೇ. ನಿಮ್ಮ ಆರ್‌ಸಿಯಲ್ಲಿ ಗೂಡ್ಸ್ ಅಂತಿದ್ರೆ ಇದರೊಳಗೆ ಬರುತ್ತಾ ಅಂತ ಆರ್‌ಟಿಓದಲ್ಲಿ ಮೊದ್ಲೇ ಕೇಳಿ. ಅಜ್ಜನ ಹೆಸರಿಂದ ನಿಮ್ಮ ಹೆಸರಿಗೆ ವರ್ಗಾವಣೆ ಈಗಲೇ ಶುರು ಮಾಡಿ, ಗಾಡಿಗಿಂತ ಇದಕ್ಕೇ ಜಾಸ್ತಿ ಟೈಮ್ ಹಿಡಿಯುತ್ತೆ. ಮತ್ತೆ ಚಾಸಿ ನಂಬರ್ ಇರೋ ಜಾಗದಲ್ಲಿ ಟಿಂಕರ್ ಗ್ರೈಂಡರ್ ಹಿಡಿಯದ ಹಾಗೆ ಟೇಪ್ ಅಂಟಿಸಿಡಿ, ಅದು ಅಳಿಸಿಹೋದ್ರೆ ದೇವರೇ ಗತಿ.

ಡೆಟ್ರಾಯ್ಟ್ ಕಡೆಯಿಂದ:
ಈ ಗಾಡಿ ಮೂಲದಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಒಹಾಯೋದ ಟೊಲಿಡೊದಲ್ಲಿ, ವಿಲ್ಲೀಸ್ ಕಾರ್ಖಾನೆ. ಇಲ್ಲಿ ಎಫ್‌ಸಿ ಮಾಡಿದ್ದು 1956ರಿಂದ 1965ರವರೆಗೆ ಮಾತ್ರ, ಆದ್ರೆ ಇಂಜಿನ್, ಟಿ-90 ಗೇರ್ ಬಾಕ್ಸ್, ಡಾನಾ 18 ಟ್ರಾನ್ಸ್‌ಫರ್ ಕೇಸ್ ಎಲ್ಲಾ ಆಗಿನ ಮಾಮೂಲಿ ಜೀಪಿಂದೇ. ಹಾಗಾಗಿ ಎಫ್‌ಸಿಗೆ ಅಂತ ಹುಡುಕಬೇಡಿ, ಆ ಜೀಪಿನ ಮಾಡೆಲ್ ಸಿಜೆ-3ಬಿ ಹೆಸರಲ್ಲಿ ಕೇಳಿ. ಗ್ಯಾಸ್ಕೆಟ್ ಸೆಟ್, ಬೇರಿಂಗ್, ಸಿಂಕ್ರೊ ರಿಂಗ್ ಎಲ್ಲಾ ಇಲ್ಲಿ ಹೊಸದಾಗೇ ಸಿಗುತ್ತೆ. ತಮಾಷೆ ಅಂದ್ರೆ ಇಲ್ಲಿಂದ ತರಿಸ್ಕೊಂಡ ಪ್ಯಾಕೆಟ್ ಮೇಲೆ ಎಷ್ಟೋ ಸಲ ಇಂಡಿಯಾದಲ್ಲಿ ಮಾಡಿದ್ದು ಅಂತಾನೇ ಇರುತ್ತೆ, ಮೊದ್ಲು ಜೆಸಿ ರೋಡು, ಹರಿಯಾಣದ ಮಂಡಿ ಡಬ್ವಾಲಿ ಕಡೆ ವಿಚಾರಿಸಿ. ಸಿಗದೇ ಇರೋದು ಕ್ಯಾಬಿನ ಸಾಮಾನು, ಗ್ಲಾಸು, ಬಾಗಿಲ ಹಿಡಿ, ಬೀಡಿಂಗು. ಅದು ಒಡೆದಿದ್ರೂ ಹರಿದಿದ್ರೂ ಬಿಸಾಕ್ಬೇಡಿ, ಅಳತೆಗೆ ಬೇಕು.

ಮೂಡಿಗೆರೆ:
ಎಲ್ಲಾ ಓದಿದೆ, ಚಾಸಿ ತಟ್ಟಿ ನೋಡಿ ಬಂದೆ, ಎಡಗಡೆ ಹಿಂದಿನ ಹ್ಯಾಂಗರ್ ಹತ್ರ ಒಂದು ಕಡೆ ಬಿಟ್ರೆ ಠಣ್ ಅಂತಿದೆ. ಎಟಿಎಫ್ ಹಾಕಿದೀನಿ. ಈ ಮಧ್ಯೆ ಬ್ರೇಕ್ ಬಿಚ್ಚೋಣ ಅಂತ ಹೋದ್ರೆ ಎಡಗಡೆ ವೀಲ್ ನಟ್ ಒಂದೂ ಬಿಡ್ತಿಲ್ಲ, ಪೈಪ್ ಹಾಕಿ ಹತ್ತಿ ನಿಂತ್ರೂ ಇಲ್ಲ. ಬಿಸಿ ಮಾಡ್ಲಾ?

ಹುಬ್ಬಳ್ಳಿಯಿಂದ:
ಇಳೀರಿ ಇಳೀರಿ. ಸ್ಟಡ್ಡಿನ ತುದಿ ಬ್ರಷ್ ಹಚ್ಚಿ ತಿಕ್ಕಿ ನೋಡ್ರಿ, ಎಲ್ ಅಂತ ಗುರುತ ಇದ್ರ ಅದು ಉಲ್ಟಾ ಥ್ರೆಡ್ಡು. ಹಳೇ ಜೀಪಿಗೆ ಎಡಗಡೆ ಹಂಗ ಇರ್ತಿತ್ತು. ಬಲಕ್ಕ ತಿರುವ್ರಿ, ಬಿಡ್ತೈತಿ.