ಮೆಚ್ಚಿನ ವಿಲೇಜರ್ ದ್ವೀಪ ಬಿಟ್ಟು ಹೋಗದಂತೆ ಉಳಿಸಿಕೊಳ್ಳುವುದು: ಅನಿಮಲ್ ಕ್ರಾಸಿಂಗ್ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಸರ್. ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್‌ನಲ್ಲಿ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಆಡ್ತಿದ್ದೀವಿ, ದ್ವೀಪದಲ್ಲಿ ಪ್ರಾಣಿ ಪಾತ್ರಗಳ (ವಿಲೇಜರ್‌ಗಳ) ಜೊತೆ ಬದುಕೋ ಆಟ. ಇವತ್ತು ಬೆಳಿಗ್ಗೆಯಿಂದ ಮಾರ್ಷಲ್ (ಬಿಳಿ ಅಳಿಲು) ತಲೆ ಮೇಲೆ ಮೋಡದ ಥರ ಗುಳ್ಳೆ ಕಾಣ್ತಿದೆ. ಮಾತಾಡಿಸಿದ್ರೆ ಊರು ಬಿಟ್ಟು ಹೋಗ್ತಾನೆ ಅಂತ ಮಗಳು ಹತ್ತಿರಕ್ಕೇ ಹೋಗ್ತಿಲ್ಲ. ಏನು ಮಾಡಬೇಕು?

ಉತ್ತರ (ಗೇಮ್ ಟೆಸ್ಟರ್): ಧೈರ್ಯವಾಗಿ ಮಾತಾಡಿಸಲಿ ಮೇಡಂ. ನ್ಯೂ ಹೊರೈಜನ್ಸ್‌ನಲ್ಲಿ ನೀವು ಹೂಂ ಅನ್ನದೆ ಯಾರೂ ತಾವಾಗಿ ದ್ವೀಪ ಬಿಡುವುದಿಲ್ಲ. ಆ ಗುಳ್ಳೆ ಬಂದರೆ ನಿಮ್ಮನ್ನು ಏನೋ ಕೇಳುವುದಿದೆ ಎಂದಷ್ಟೇ ಅರ್ಥ. ಕೆಲವು ಸಲ ನಿಮಗೊಂದು ಅಡ್ಡಹೆಸರು ಇಡಲೋ ತನ್ನ ಮಾತಿನ ವರಸೆ ಬದಲಿಸಲೋ ಕೇಳುತ್ತಾರೆ. ಬೇರೆ ಊರು ನೋಡಬೇಕು ಅನ್ನಿಸುತ್ತಿದೆ ಎಂದು ಮಾತು ತೆಗೆದರೆ ಮಾತ್ರ ನಿಧಾನಿಸಿ. ಕೊನೆಯಲ್ಲಿ ಆಯ್ಕೆಗಳು ಬರುತ್ತವೆ, ಅವುಗಳಲ್ಲಿ ಉಳಿಸಿಕೊಳ್ಳುವ ಮಾತನ್ನು ಆರಿಸಿ. ಆಟದಲ್ಲಿ ಕನ್ನಡ ಇಲ್ಲ, ಮಕ್ಕಳು ಇಂಗ್ಲಿಷ್ ಸಾಲುಗಳನ್ನು ಓದದೆ ಗುಂಡಿ ಒತ್ತುತ್ತಾ ಹೋಗುತ್ತಾರೆ. ಮೆಚ್ಚಿನ ಪಾತ್ರ ಕೈತಪ್ಪಿಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಆ ಕೊನೆಯ ಆಯ್ಕೆ ಬಂದಾಗ ನೀವೂ ಪಕ್ಕದಲ್ಲಿದ್ದು ಓದಿ ಹೇಳಿ.

ಮಾತಾಡಿಸದೆ ಬಿಟ್ಟರೂ ಅವನು ಹೋಗುವುದಿಲ್ಲ. ಆಟದಲ್ಲಿ ದಿನ ಬದಲಾಗುವುದು ಬೆಳಗಿನ 5 ಗಂಟೆಗೆ, ಅದು ದಾಟಿದರೆ ಗುಳ್ಳೆ ಮಾಯವಾಗುತ್ತದೆ. ಆದರೆ ಮರುದಿನ ಅದೇ ಗುಳ್ಳೆ ಇನ್ನೊಬ್ಬರ ತಲೆ ಮೇಲೆ ಬರಬಹುದು. ಅದಕ್ಕಿಂತ ಮಾತಾಡಿಸಿ ‘ಇರು’ ಎಂದು ಹೇಳಿಬಿಡುವುದೇ ವಾಸಿ. ಆಮೇಲೆ ಕೆಲವು ದಿನ ಯಾರೂ ಕೇಳುವುದಿಲ್ಲ. ಕೇಳುವ ಸರದಿ ಮತ್ತೆ ಬಂದಾಗಲೂ ಈಗಷ್ಟೇ ಕೇಳಿದವನನ್ನೇ ಆಟ ಮತ್ತೆ ಆರಿಸುವುದಿಲ್ಲ.

ಪ್ರಶ್ನೆ: ಅಣ್ಣ, ನಮ್ಮನೇಲಿ ತಮ್ಮ ಗೊತ್ತಿಲ್ದೆ ‘ಹೋಗು’ ಅಂತ ಒತ್ತಿಬಿಟ್ಟಿದ್ದಾನೆ. ಜೂಡಿ ಹೋಗ್ತೀನಿ ಅಂತಿದ್ದಾಳೆ. ತಡೆಯೋಕಾಗುತ್ತಾ?

ಉತ್ತರ: ಮಾತು ಇನ್ನೂ ಮುಗಿಯದೆ ಪರದೆ ಮೇಲೇ ಇದ್ದಿದ್ದರೆ ಹೋಮ್ ಗುಂಡಿ ಒತ್ತಿ, ಆಟವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬಹುದಿತ್ತು. ಮಾತು ಮುಗಿದು ಆಟೋಸೇವ್ ಆದ ಮೇಲೆ ದಾರಿ ಇಲ್ಲ. ಒಪ್ಪಿಗೆ ಕೊಟ್ಟ ಮರುದಿನ ಜೂಡಿಯ ಮನೆ ತುಂಬ ಪೆಟ್ಟಿಗೆಗಳು ಕಾಣುತ್ತವೆ, ಅದರ ಮರುದಿನ ಅಲ್ಲಿ ಖಾಲಿ ಜಾಗ. ಪೆಟ್ಟಿಗೆ ಕಟ್ಟಿದ ಮೇಲೆ ಎಷ್ಟು ಮಾತಾಡಿಸಿದರೂ ಮನಸ್ಸು ಬದಲಿಸುವುದಿಲ್ಲ.

ಹಳೆಯ ಸೇವ್ ಹಿಂದಕ್ಕೆ ತರುತ್ತೇನೆ ಎಂದು ಹೊರಡಬೇಡಿ. ಬೇರೆ ಆಟಗಳಿಗೆ ಇರುವ ಕ್ಲೌಡ್ ಸೇವ್ ಈ ಆಟಕ್ಕಿಲ್ಲ. ಇದಕ್ಕಿರುವ ದ್ವೀಪದ ಬ್ಯಾಕಪ್ ಕನ್ಸೋಲ್ ಕಳೆದುಹೋದಾಗ ಅಥವಾ ಕೆಟ್ಟಾಗ ಮಾತ್ರ ಒದಗುತ್ತದೆ, ತಪ್ಪು ಉತ್ತರ ಅಳಿಸುವುದಕ್ಕಲ್ಲ.

ಆದರೂ ಒಂದು ದಾರಿ ಉಳಿದಿದೆ. ಪೆಟ್ಟಿಗೆ ಕಟ್ಟಿದ ದಿನವೇ ನಿಮ್ಮ ಗೆಳೆಯರೊಬ್ಬರು ನಿಮ್ಮ ದ್ವೀಪಕ್ಕೆ ಬಂದು ಜೂಡಿಯನ್ನು ತಮ್ಮಲ್ಲಿಗೆ ಕರೆಯಬಹುದು. ಅವರ ದ್ವೀಪದಲ್ಲಿ ಒಂದು ಮನೆಯ ಜಾಗ ಖಾಲಿ ಇರಬೇಕು. ಆನ್‌ಲೈನ್ ಬರುವುದಾದರೆ ಇಬ್ಬರಿಗೂ ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಬೇಕು, ಒಂದೇ ಕೋಣೆಯಲ್ಲಿ ಕೂತು ಲೋಕಲ್ ವೈರ್‌ಲೆಸ್‌ನಲ್ಲಿ ಆಡಿದರೆ ಬೇಡ. ಮುಂದೆ ಅವಳು ಅಲ್ಲಿಂದ ಹೊರಡುವ ದಿನ ನಿಮ್ಮಲ್ಲಿ ಜಾಗ ಖಾಲಿ ಇದ್ದರೆ ನೀವು ಹೋಗಿ ಕರೆದುಕೊಂಡು ಬನ್ನಿ. ಕಷ್ಟ ಇರುವುದು ಈ ಎರಡು ದಿನಗಳನ್ನು ಹೊಂದಿಸುವುದರಲ್ಲಿ. ಖಾಲಿ ಜಾಗವನ್ನು ನೀವು ತುಂಬಿಸದಿದ್ದರೆ ಆಟವೇ ಯಾರನ್ನೋ ತಂದು ಕೂರಿಸುತ್ತದೆ. ಆದ್ದರಿಂದ ಮೊದಲು ಗೆಳೆಯರ ದ್ವೀಪದಲ್ಲಿ ಜೂಡಿ ಪೆಟ್ಟಿಗೆ ಕಟ್ಟಿದ ದಿನ ಬರಲಿ. ಅವರ ಸ್ವಿಚ್‌ನ ಗಡಿಯಾರ ಆ ದಿನವನ್ನು ದಾಟದಂತೆ ನೋಡಿಕೊಂಡು, ನಿಮ್ಮಲ್ಲಿ ಜಾಗ ಖಾಲಿಯಾದ ದಿನ ಹೋಗಿ ಕರೆಯಿರಿ. ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಲಾಭಕ್ಕೆ ಮಾರಲು ಕೂಡಿಟ್ಟ ಟರ್ನಿಪ್ ಗೆಡ್ಡೆ ಎಲ್ಲ ಕೊಳೆಯುತ್ತದೆ, ಮೊದಲೇ ಮಾರಿಬಿಡಲು ಹೇಳಿ.

ಇನ್ನೊಂದು ವಿಷಯ. ಒಂದು ಕನ್ಸೋಲ್‌ಗೆ ಒಂದೇ ದ್ವೀಪ, ಅದರಲ್ಲಿ 8 ಜನ ಆಟಗಾರರು ಇರಬಹುದು. ಗುಳ್ಳೆ ಬಂದ ದಿನ ಮನೆಯಲ್ಲಿ ಯಾರು ಬೇಕಾದರೂ ಉತ್ತರ ಕೊಡಬಹುದು. ಯಾರನ್ನು ಕಳಿಸಕೂಡದು ಎಂಬ ಪಟ್ಟಿ ಮಾಡಿ ಟಿವಿ ಪಕ್ಕ ಅಂಟಿಸಿಡಿ.

ಪ್ರಶ್ನೆ: ಬಲೆಯಿಂದ ಹೊಡೆದ್ರೆ, ದ್ವೀಪದ ಕಚೇರಿಯಲ್ಲಿರೋ ಇಸಬೆಲ್ ಹತ್ರ ದೂರು ಕೊಟ್ರೆ, ತಿಂಗಳುಗಟ್ಟಲೆ ಆಡದೇ ಇದ್ರೆ ವಿಲೇಜರ್‌ಗಳು ಓಡಿಹೋಗ್ತಾರೆ ಅಂತಾರಲ್ಲ?

ಉತ್ತರ: ಮೂರೂ ಸುಳ್ಳು. ಇಸಬೆಲ್‌ಗೆ ದೂರು ಕೊಟ್ಟರೆ ಆ ಪಾತ್ರದ ಬಟ್ಟೆಯೋ ಮಾತಿನ ವರಸೆಯೋ ಮೊದಲಿನಂತಾಗುತ್ತದೆ, ಅಷ್ಟೇ. ಬಲೆಯಿಂದ ಹೊಡೆದರೆ ಸ್ನೇಹದ ಅಂಕ ಕಡಿಮೆಯಾಗುತ್ತದೆ, ಊರು ಬಿಡಿಸುವುದಿಲ್ಲ. ವರ್ಷ ಬಿಟ್ಟು ಬಂದರೂ ಕಳೆ ಬೆಳೆದಿರುತ್ತದೆ, ಮನೆಯೊಳಗೆ ಜಿರಲೆ ಓಡಾಡುತ್ತಿರುತ್ತವೆ, ಜನ ಮಾತ್ರ ಇದ್ದಲ್ಲೇ ಇರುತ್ತಾರೆ.

ಆಡದೆ ಬಿಟ್ಟರೆ ಹೋಗುತ್ತಾರೆ ಎಂಬ ಭಯ ಹುಟ್ಟಿದ್ದು ಹಿಂದಿನ ಆಟ ‘ನ್ಯೂ ಲೀಫ್’ನಿಂದ. 2012ರಲ್ಲಿ ಜಪಾನಿನಲ್ಲಿ ನಿಂಟೆಂಡೊದ ಹಳೆಯ ಕನ್ಸೋಲ್ 3ಡಿಎಸ್‌ಗೆ ಬಂದದ್ದು. ಅದರಲ್ಲಿ ಆ ಭಯ ನಿಜ.

ಪ್ರಶ್ನೆ: ನಾನು ಇನ್ನೂ ನ್ಯೂ ಲೀಫೇ ಆಡೋದು. ಅದಕ್ಕೆ ಉಪಾಯ ಹೇಳಿ.

ಉತ್ತರ: ಅಲ್ಲಿ ಹೊರಡಲು ನಿರ್ಧರಿಸಿದ ಪಾತ್ರ ನಿಮ್ಮನ್ನು ಹುಡುಕಿಕೊಂಡು ಬಂದು, ಇಂಥ ತಾರೀಕು ಹೋಗುತ್ತೇನೆ ಎಂದು ಹೇಳುತ್ತದೆ. ಆಗ ಬೇಡ ಎಂದರೆ ಉಳಿಯುತ್ತದೆ. ಆ ದಿನಗಳಲ್ಲಿ ನೀವು ಆಟ ತೆರೆಯದಿದ್ದರೆ ಹೇಳದೆಯೇ ಹೋಗಿಬಿಡುತ್ತದೆ. ಆದ್ದರಿಂದ ದಿನಕ್ಕೆ ಹತ್ತು ಹದಿನೈದು ನಿಮಿಷ ಊರೊಳಗೆ ಎಲ್ಲರ ಕಣ್ಣಿಗೆ ಬೀಳುವಂತೆ ಓಡಾಡಿ, ಬಂದವರ ಮಾತು ಕೇಳಿ. ‘ಇಂಥವರು ಹೊರಟಿದ್ದಾರಂತೆ’ ಎಂದು ಬೇರೆಯವರು ಹೇಳಿದರೆ ತಡಮಾಡದೆ ಆ ಪಾತ್ರದ ಬಳಿಗೇ ಹೋಗಿ. ದಿನಾಂಕವನ್ನು ಮುಂದಕ್ಕೆ ಹಾರಿಸಬೇಡಿ. ಒಮ್ಮೆ ಹೋದವರು ಸಹಜವಾಗಿ ಮರಳಬೇಕಾದರೆ ಅವರ ನಂತರ ಇನ್ನೂ 16 ಜನ ಊರು ಬಿಟ್ಟಿರಬೇಕು. ಅಷ್ಟು ಕಾಯುವ ಬದಲು ದಿನಾ ಒಂದು ಸುತ್ತು ಹಾಕುವುದು ಎಷ್ಟೋ ಸುಲಭ.

ಪ್ರಶ್ನೆ: ನ್ಯೂ ಹೊರೈಜನ್ಸ್‌ಗೇ ಬರ್ತೀನಿ. ನನ್ನ ದ್ವೀಪದಲ್ಲಿ 10 ಜನ ಭರ್ತಿ. ಕ್ಯಾಂಪ್‌ಸೈಟ್‌ಗೆ (ಅತಿಥಿಗಳು ಬಂದು ತಂಗೋ ಡೇರೆಗೆ) ಬಂದವನೊಬ್ಬ ಇಲ್ಲೇ ಇರ್ತೀನಿ ಅಂತಾನೆ. ಒಪ್ಪಿದ್ರೆ ಯಾರು ಹೋಗ್ತಾರೆ?

ಉತ್ತರ: ಎಚ್ಚರ ಬೇಕಾದದ್ದು ಇಲ್ಲೇ. ಒಬ್ಬರನ್ನು ಸೇರಿಸಿಕೊಳ್ಳುವ ಖುಷಿಯಲ್ಲಿ ಇನ್ನೊಬ್ಬರನ್ನು ಕಳಿಸುತ್ತಿದ್ದೇವೆ ಎಂಬುದು ಮರೆತೇಹೋಗುತ್ತದೆ. ತಾನಾಗಿ ಬಂದ ಅತಿಥಿ ಯಾರ ಜಾಗಕ್ಕೆ ಬರುತ್ತಾನೆ ಎಂಬುದನ್ನು ಆಟವೇ ಆರಿಸುತ್ತದೆ, ನಿಮಗೆ ಆಯ್ಕೆ ಇಲ್ಲ. ಅವನು ಹೆಸರು ಹೇಳಿದಾಗ ಅದು ನಿಮ್ಮ ಮೆಚ್ಚಿನವರದ್ದಾದರೆ ಒಪ್ಪಬೇಡಿ. ಅತಿಥಿಯೂ ಬೇಕು, ಆ ಹೆಸರು ಮಾತ್ರ ಬೇಡ ಎಂದಾದರೆ ಮಾತು ಮುಗಿಯುವ ಮೊದಲೇ ಹೋಮ್ ಒತ್ತಿ ಆಟ ಮುಚ್ಚಿ. ಮತ್ತೆ ತೆರೆದು ಮಾತಾಡಿಸಿದಾಗ ಬೇರೆ ಹೆಸರು ಬರಬಹುದು. ಇದಕ್ಕೆ ಹೋಗುವ ಮೊದಲು ಮೈನಸ್ ಗುಂಡಿಯಿಂದ ಒಮ್ಮೆ ಸೇವ್ ಮಾಡಿಕೊಂಡರೆ ಅಲ್ಲಿಯವರೆಗಿನ ಕೆಲಸ ಹಾಳಾಗುವುದಿಲ್ಲ.

ಯಾರು ಹೋಗಬೇಕು ಎಂಬುದು ನಿಮ್ಮ ಕೈಯಲ್ಲೇ ಇರಬೇಕೆಂದರೆ ಅಮೀಬೊ ಕಾರ್ಡ್ (ಒಂದೊಂದು ಪಾತ್ರಕ್ಕೂ ಇರುವ, ಕನ್ಸೋಲ್‌ಗೆ ತಾಗಿಸಿ ಓದಿಸುವ ನಿಂಟೆಂಡೊ ಕಾರ್ಡ್) ಬೇಕು. ರೆಸಿಡೆಂಟ್ ಸರ್ವಿಸಸ್ ಕಟ್ಟಡದಲ್ಲಿರುವ ನೂಕ್ ಸ್ಟಾಪ್ ಯಂತ್ರದಲ್ಲಿ ಕಾರ್ಡ್ ಸ್ಕ್ಯಾನ್ ಮಾಡಿ ಕ್ಯಾಂಪರ್‌ನನ್ನು ಕರೆಯಿರಿ. ದಿನಕ್ಕೆ ಒಂದು ಸಲ, ಒಟ್ಟು ಮೂರು ಸಲ ಕರೆಯಬೇಕು, ಪ್ರತಿ ಸಲವೂ ಕೇಳಿದ ವಸ್ತುವನ್ನು ಮಾಡಿಕೊಡಬೇಕು. ಮೂರನೆಯ ಸಲ ಇಲ್ಲೇ ಇರಲು ಒಪ್ಪುತ್ತಾರೆ, ಯಾರ ಜಾಗಕ್ಕೆ ಎಂದು ನಿಮ್ಮನ್ನೇ ಕೇಳುತ್ತಾರೆ.

ಪ್ರಶ್ನೆ: ಸ್ನೇಹ ಹೆಚ್ಚಿಸಿಕೊಂಡ್ರೆ ಹೋಗೋ ಯೋಚನೆನೇ ಬರಲ್ವಾ?

ಉತ್ತರ: ಪೂರ್ತಿ ನಿಲ್ಲುವುದಿಲ್ಲ, ಸಾಧ್ಯತೆ ಕಡಿಮೆಯಾಗುತ್ತದೆ. ಹೊಸಬರ ಸ್ನೇಹ 25 ಅಂಕದಿಂದ ಶುರು, ಗರಿಷ್ಠ 255. ದಿನದ ಮೊದಲ ಮಾತಿಗೆ 1 ಅಂಕ, ಹಾಗಾಗಿ ಐದು ದಿನ ಮಾತಾಡಿಸಿದರೆ 30 ಆಗುತ್ತದೆ. ಅಲ್ಲಿಂದ ದಿನಕ್ಕೊಂದು ಉಡುಗೊರೆ ಕೊಡಬಹುದು. ನಿಮ್ಮ ದ್ವೀಪದಲ್ಲಿ ಹುಟ್ಟಾ ಬೆಳೆಯದ ಹಣ್ಣನ್ನು ಕಾಗದದಲ್ಲಿ ಸುತ್ತಿ ಕೊಡುವುದು ಉತ್ತಮ, ಸುತ್ತಿದ್ದಕ್ಕೂ ಅಂಕವಿದೆ. ಪೀಠೋಪಕರಣ ಕೊಟ್ಟರೆ ಅದನ್ನು ಮನೆಯೊಳಗೆ ಇಟ್ಟುಕೊಂಡು ಚೆಂದದ ಕೋಣೆಯನ್ನು ಹಾಳು ಮಾಡಿಕೊಳ್ಳುತ್ತಾರೆ, ಹಣ್ಣಿನಿಂದ ಆ ತೊಂದರೆ ಇಲ್ಲ. ಕಸ, ಕಳೆ ಕೊಡಲೇಬೇಡಿ. 150 ದಾಟಿದ ಮೇಲೆ ಅವರು ತಮ್ಮ ಫೋಟೊ ಕೊಡಬಹುದು. ಮೆಚ್ಚಿನವರಿಂದ ಅದನ್ನು ಪಡೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಬೆಕ್ಕು ರೇಮಂಡ್ ಹೋಗೇಬಿಟ್ಟ ಸರ್. ನೂಕ್ ಮೈಲ್ಸ್ ಟಿಕೆಟ್ (ಆಟದಲ್ಲಿ ಗಳಿಸಿದ ಮೈಲ್ಸ್ ಅಂಕ ಕೊಟ್ಟು ಪಡೆಯೋ ಪ್ರಯಾಣದ ಟಿಕೆಟ್) ಹಿಡಿದು ದ್ವೀಪ ದ್ವೀಪ ಸುತ್ತಿದ್ರೆ ಸಿಗ್ತಾನಾ?

ಉತ್ತರ: ಸಿಗಬಹುದು, ಆದರೆ ಲೆಕ್ಕ ನೋಡಿ ಹೊರಡಿ. ಆ ದ್ವೀಪಗಳಲ್ಲಿ ಆಟ ಮೊದಲು ಪ್ರಾಣಿಯ ಜಾತಿಯನ್ನು ಆರಿಸುತ್ತದೆ, ಆಮೇಲೆ ಆ ಜಾತಿಯೊಳಗೆ ಒಬ್ಬರನ್ನು. ಜಾತಿಗಳು 35, ಬೆಕ್ಕುಗಳು 23. ಅಂದರೆ ರೇಮಂಡ್ ಸಿಗುವ ಸಾಧ್ಯತೆ ಸುಮಾರು 805ಕ್ಕೆ ಒಂದು. ಆಕ್ಟೋಪಸ್‌ಗಳು ನಾಲ್ಕೇ ಇರುವುದರಿಂದ ಮರೀನಾ ಸಿಗುವ ಸಾಧ್ಯತೆ 140ಕ್ಕೆ ಒಂದು. ಟಿಕೆಟ್ ಒಂದಕ್ಕೆ 2,000 ಮೈಲ್ಸ್. ಹುಡುಕಲು ಹೋಗುವಾಗ ನಿಮ್ಮಲ್ಲಿ ಮಾರಾಟಕ್ಕಿಟ್ಟ ಜಾಗ ಖಾಲಿ ಇರಬೇಕು, ಇಲ್ಲದಿದ್ದರೆ ಆ ದ್ವೀಪಗಳಲ್ಲಿ ಯಾರೂ ಕಾಣಿಸಿಕೊಳ್ಳುವುದೇ ಇಲ್ಲ.

ಬೆಕ್ಕಿನ ಆಸೆಗೆ ಮೈಲ್ಸ್ ಸುರಿಯುವುದಕ್ಕಿಂತ ಕಾರ್ಡ್ ಒಳ್ಳೆಯದು. ಮೊದಲು ರೇಮಂಡ್‌ಗೆ ಕಾರ್ಡೇ ಇರಲಿಲ್ಲ. 2021ರ ನವೆಂಬರ್‌ನಲ್ಲಿ 2.0 ಅಪ್‌ಡೇಟ್ ಜೊತೆ ಬಂದ ಐದನೆಯ ಸರಣಿಯಲ್ಲಿ ಅವನದ್ದೂ ಇದೆ. ಅಸಲಿ ಕಾರ್ಡ್ ಸಿಕ್ಕರೆ ಮೂರು ದಿನ ಕರೆದು ಕೂರಿಸಿಕೊಳ್ಳಬಹುದು. ಕಾರ್ಡ್ ಕೈಲಿದ್ದರೆ ಮುಂದೆ ಎಂದಾದರೂ ಅವನು ಹೋದರೂ ಮತ್ತೆ ಕರೆಸಬಹುದು.

ಪ್ರಶ್ನೆ: ಆಟ ಶುರುವಿನಲ್ಲಿ ಜೊತೆಗೆ ಬಂದ ಇಬ್ಬರ ಮನೆ ತೀರಾ ಬೋಳು. ಅವರೂ ನನಗೆ ಇಷ್ಟ. ಮನೆ ಚೆನ್ನಾಗಾಗಲಿ ಅಂತ ಕಳಿಸಿ ಮತ್ತೆ ಕರೆಸೋದು ಸರೀನಾ?

ಉತ್ತರ: ಅವರ ಕಾರ್ಡ್ ನಿಮ್ಮ ಬಳಿ ಇದ್ದರೆ ಮಾಡಬಹುದು, ಮರಳಿ ಬಂದಾಗ ಅವರದೇ ಆದ ಪೂರ್ತಿ ಮನೆಯೊಂದಿಗೆ ಬರುತ್ತಾರೆ. ಕಾರ್ಡ್ ಇಲ್ಲದೆ ಮಾಡಬೇಡಿ. ಆ ಬೋಳು ಮನೆಯೇ ಇರಲಿ.