ಗೇಟಿನ ಸಪ್ಪಳಾದ್ರ ಸಾಕು, ನಮ್ಮ ಎರಡೂ ನಾಯಿ ಒಂದಕ್ಕೊಂದು ಹಿಡೀತಾವ

ಪ್ರಶ್ನೆ (ಜಮಖಂಡಿ):
ನಮ್ಮ ಮನ್ಯಾಗ ಮೂರು ವರ್ಷದ ಮುಧೋಳ ಗಂಡು ನಾಯಿ ಐತ್ರಿ, ಬಾಣ ಅಂತ. ಹ್ವಾದ ವರ್ಷ ಶ್ರಾವಣದಾಗ ಬಸ್‌ಸ್ಟ್ಯಾಂಡಿನ ಹತ್ರ ಕುಂಟಕೋಂತ ಅಡ್ಡಾಡ್ತಿದ್ದ ಹೆಣ್ಣು ಮರಿ ತಂದ್ವಿ, ಕೆಂಪಿ. ಹಗಲೆಲ್ಲ ಸುಮ್ಮನ ಇರ್ತಾವ. ಗೇಟಿನ ಕೊಂಡಿ ಸಪ್ಪಳಾತಂದ್ರ ಎರಡೂ ಓಡಿ ಹೋಗಿ ಬೊಗಳತಾವ, ಹೊರಗಿನವರನ್ನ ಬಿಟ್ಟು ತಾವತಾವ ಕಚ್ಚಾಡ್ತಾವ. ಇವತ್ತ ಬಿಡಸಾಕ ಹೋಗಿ ನನ್ನ ಮುಂಗೈಗೆ ಹಲ್ಲು ನಟ್ಟೈತಿ. ಅವ್ವ "ಒಂದನ್ನ ಹೊಲದಾಗ ಬಿಟ್ಟು ಬಾ" ಅಂತಾಳ. ನನಗ ಎರಡೂ ಬೇಕು. ಏನ್ ಮಾಡ್ಲಿ?

ಉತ್ತರ (ವಿಜಯಪುರ):
ಮೊದಲ ಕೈ ನೋಡ್ಕೊಳ್ರಿ. ಹರಿಯೋ ನೀರಾಗ ಸಾಬೂನು ಹಚ್ಚಿ 15 ನಿಮಿಷ ತೊಳೀರಿ. ಸುಣ್ಣ, ಅರಿಶಿಣ ಏನೂ ಹಚ್ಚಬ್ಯಾಡ್ರಿ. ಮನಿ ನಾಯಿ ಅಂತ ಬಿಡಬ್ಯಾಡ್ರಿ, ಇವತ್ತ ದವಾಖಾನಿಗೆ ಹೋಗ್ರಿ.

ಉತ್ತರ (ಮುಧೋಳ):
ನಮ್ಮಲ್ಲೂ ಎರಡು ಹೆಣ್ಣು ನಾಯಿ ಹಿಂಗ ಮಾಡ್ತಿದ್ವು. ಹೊಂದಿಕೊಳ್ಳಾಕ ನಾಕು ತಿಂಗಳು ಹಿಡೀತು, ಅವಸರ ಬ್ಯಾಡ್ರಿ.

ಮುಧೋಳ ನಾಯಿ ಕಣ್ಣಿಂದ ಬೇಟಿ ಆಡೋ ಜಾತಿ. ಗೇಟಿನಾಚೆ ಸೈಕಲ್ ಹ್ವಾದ್ರೂ ಅದರ ಮೈ ಬಿಲ್ಲಿನಂಗ ಬಿಗೀತೈತಿ. ಆ ಸಿಟ್ಟು ಹೊರಗ ಹೋಗಾಕ ದಾರಿ ಸಿಗದ ಮಗ್ಗಲದಾಗ ಇದ್ದದ್ದರ ಮ್ಯಾಲ ಬೀಳ್ತೈತಿ. ಅದಕ್ಕ ನಾನು ಮೊದಲ ಗೇಟಿಗೆ ಹಸಿರು ಶೇಡ್ ನೆಟ್ ಕಟ್ಟಿದೆ. ಅರ್ಧ ಜಗಳ ಅಲ್ಲೇ ನಿಂತ್ವು.

ಆಮ್ಯಾಲ ಒಂದೊಂದನ್ನ ಬ್ಯಾರೆ ಬ್ಯಾರೆ ಕಲಿಸಿದ್ವಿ. ನಮ್ಮ ಮಗಳು ಕೊಂಡಿ ಸಣ್ಣಗ ಬಡಿಯೋದು, ಅದು ಬೊಗಳೋಕಿಂತ ಮೊದಲ ನಾನು ಹಿತ್ತಲದಾಗಿನ ಚಾಪಿ ಮ್ಯಾಲ ಕುದಿಸಿದ ತತ್ತಿ ಚೂರು ಒಗಿಯೋದು. ವಾರ ಎರಡು ವಾರಕ್ಕ ಕೊಂಡಿ ಸಪ್ಪಳಾದ್ರ ತಾನ ಚಾಪಿ ಕಡೆ ಓಡ್ತಿತ್ತು. ಎರಡೂ ಕಲಿತ ಮ್ಯಾಲ ಜಾಳಗಿ ಬಾಗಿಲದ ಆಕಡೆ ಒಂದು, ಈಕಡೆ ಒಂದು. ಸಂಜೀಕ ಘಟಪ್ರಭಾ ದಂಡಿಗೆ ನಾ ಒಂದನ್ನ, ಮಗಳು ಒಂದನ್ನ ಹಿಡಕೊಂಡು ಇಪ್ಪತ್ತು ಹೆಜ್ಜಿ ಅಂತರದಾಗ ಒಂದ ದಿಕ್ಕಿಗೆ ನಡಸ್ತಿದ್ವಿ.

ಜಗಳಕ್ಕ ಮುಂಚಿನ ಗಳಿಗಿ ನೋಡಾಕ ಕಲೀರಿ. ತೆರೆದ ಬಾಯಿ ಟಪ್ ಅಂತ ಮುಚ್ಚತೈತಿ, ಬಾಲ ನಿಲ್ತೈತಿ, ಕಣ್ಣಿನ ಬಿಳಿ ಕಾಣಸ್ತೈತಿ. ಆಗ ಕರದ್ರ ಬರ್ತಾವ, ಆಮ್ಯಾಲ ಬರೂದಿಲ್ಲ. ಗುರ್ ಅಂದ್ರ ಬಡೀಬ್ಯಾಡ್ರಿ. ಬಡದ್ರ ಗುರ್ ಅನ್ನೋದು ಬಿಟ್ಟು ಸೀದಾ ಕಚ್ಚತಾವ. ಹತ್ತಿಕೊಂಡ್ರ ಕೈ ಹಾಕಬ್ಯಾಡ್ರಿ, ಮ್ಯಾಲ ಕೌದಿ ಒಗೀರಿ, ನಡುವ ಹಲಗಿ ತೂರ್ಸ್ರಿ.

ಇನ್ನೊಂದು, ಕೆಂಪಿ ಕುಂಟತಿತ್ತು ಅಂದ್ರಿ. ಆ ಕಾಲು ಈಗ ನೆಟ್ಟಗ ಐತೇನು? ನೋವಿದ್ದ ನಾಯಿ ಮೈ ಮುಟ್ಟಿಸಿಕೊಳ್ಳೂದಿಲ್ಲ. ಪಶು ಡಾಕ್ಟರಿಗೆ ತೋರಸ್ರಿ.

ಕೇಳಿದವರು (ಜಮಖಂಡಿ), ಒಂದು ವಾರದ ಮ್ಯಾಲ:
ನನಗ ಇಂಜೆಕ್ಷನ್ ನಡೆದಾವ. ಗೇಟಿಗೆ ನೆಟ್ ಕಟ್ಟೀವಿ. ಡಾಕ್ಟರು ಕೆಂಪಿ ಎಡಗಡೆ ಚಪ್ಪಿ ಒತ್ತಿದ ಕೂಡ್ಲೆ ಕಿರಚಿತ್ರಿ. ಗೇಟಿಗೆ ಓಡುವಾಗ ಬಾಣ ದಿನಾ ಅದಕ್ಕ ಗುದ್ದಕೋಂತ ಹೋಗ್ತಿದ್ದದ್ದು ಅದ ಮಗ್ಗಲಕ್ಕ. ನಾವು ಕೆಂಪಿನ್ನ ಬೈತಿದ್ವಿ. ಈಗ ನೋವಿನ ಗುಳಿಗಿ ಕೊಟ್ಟಾರ. ನಿನ್ನೆ ರಾತ್ರಿ ಅವ್ವನ ತನ್ನ ಹಳೇ ಸೀರಿ ಮಡಚಿ ಕೆಂಪಿಗೆ ಹಾಸ್ಯಾಳ.