ಬಾಲ್ಕನಿಯ ಮಡಚುವ ಬೆಂಚು: ಪ್ಲೇನ್ (ಕೀಸುಳಿ) ಹೊಡೆದ್ರೆ ಗೋಡೆಯ ಸ್ಕ್ರೂ ಕಳಚಿ ಬರ್ತದೆ, ಎಂತ ಮಾಡುದು?

ಬೆಂದೂರ್_ಬಾಲ್ಕನಿ:
ನಮಸ್ಕಾರ ಎಲ್ರಿಗೂ. ಮಂಗ್ಳೂರು ಬೆಂದೂರಿನಲ್ಲಿ ಹಳೇ ಫ್ಲ್ಯಾಟು, ಎರಡನೇ ಮಾಳಿಗೆ, ಬಾಡಿಗೆಗೆ ಇದ್ದೇವೆ. ಬಾಲ್ಕನಿ 4 ಅಡಿ ಅಗಲ 9 ಅಡಿ ಉದ್ದ, ಅದ್ರಲ್ಲೇ ವಾಷಿಂಗ್ ಮೆಷಿನ್, ಬಟ್ಟೆ ಹಗ್ಗ, ಅಮ್ಮನ ತುಳಸಿ ಚಟ್ಟಿ, ಉಳಿದದ್ದು ನನ್ನ ಮರದ ಕೆಲಸಕ್ಕೆ. 18 ಎಂಎಂ ಪ್ಲೈಯಲ್ಲಿ 4 ಅಡಿ ಉದ್ದ 20 ಇಂಚು ಅಗಲದ ಹಲಗೆ ಮಾಡಿ ಎರಡು ಫೋಲ್ಡಿಂಗ್ ಬ್ರ್ಯಾಕೆಟ್ ಹಾಕಿ ಗೋಡೆಗೆ ಕೂರಿಸಿದೆ, ಕೆಲಸ ಆದ್ಮೇಲೆ ಕೆಳಗೆ ಮಡಚಿ ಇಡುದು. ಅಳತೆ ಹಾಕ್ಲಿಕ್ಕೆ, ಅಂಟು ಹಚ್ಲಿಕ್ಕೆ ಎಲ್ಲ ಚಂದ ಆಗ್ತಿತ್ತು. ಪ್ಲೇನ್ ಹೊಡೀಲಿಕ್ಕೆ ಶುರು ಮಾಡಿದ್ದೇ ತಡ ಇಡೀ ಬೆಂಚು ತೊಟ್ಟಿಲು ತೂಗಿದ ಹಾಗೆ ತೂಗ್ತದೆ, ಎರಡು ವಾರದಲ್ಲಿ ಮೇಲಿನ ಸ್ಕ್ರೂ ಕೈಯಲ್ಲೇ ಎಳೆದ್ರೂ ಬರುವ ಹಾಗೆ ಆಗಿದೆ. ಸ್ಕ್ರೂವಿನ ತೂತಿಗೆ ದಪ್ಪ ಪ್ಲಾಸ್ಟಿಕ್ ಪ್ಲಗ್ ಹಾಕಿದೆ, ಎಪಾಕ್ಸಿ ಪುಟ್ಟಿ ತುಂಬಿಸಿದೆ, ಕಡೆಗೆ ಬೆಂಕಿಕಡ್ಡಿ ಕೂಡ ತುರುಕಿಸಿ ನೋಡಿದೆ. ಇನ್ನು ಎಂತ ಉಳಿದಿದೆ?

ಮುರಕಲ್ಲು:
ಮೂರು ವಿಷಯ ಹೇಳಿ. ಡ್ರಿಲ್ ಮಾಡುವಾಗ ಯಾವ ಬಣ್ಣದ ಹುಡಿ ಬಂತು? ಪ್ಲಗ್ ಎಷ್ಟು ಉದ್ದ? ಬ್ರ್ಯಾಕೆಟಿನ ಮೇಲಿನ ಸ್ಕ್ರೂವಿಗೂ ಕೆಳಗಿನದಕ್ಕೂ ಮಧ್ಯ ಎಷ್ಟು ಅಂತರ?

ಬೆಂದೂರ್_ಬಾಲ್ಕನಿ:
ಮೊದ್ಲು ಬಿಳಿ, ಆಮೇಲೆ ಕೆಂಪು ಹುಡಿ. ಒಂದು ತೂತಿನಲ್ಲಿ ಮಾತ್ರ ಕೊನೇವರೆಗೂ ಬೂದಿ ಬಣ್ಣ. ಪ್ಲಗ್ 50 ಎಂಎಂ. ಸ್ಕ್ರೂಗಳ ಮಧ್ಯ 6 ಇಂಚು.

ಮುರಕಲ್ಲು:
ಹಾಗಾದ್ರೆ ರೋಗ ಗೊತ್ತಾಯ್ತು ಮಾರಾಯ್ರೆ. ಕೆಂಪು ಹುಡಿ ಅಂದ್ರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಬೂದಿ ಬಂದ ತೂತು ಎರಡು ಕಲ್ಲಿನ ಸಂದಿಯ ಗಾರೆಗೆ ಬಿದ್ದಿದೆ. ಗಿಲಾಯಿಯೇ (ಪ್ಲಾಸ್ಟರ್) 15-20 ಎಂಎಂ ಇರ್ತದೆ, ಅಂದ್ರೆ ನಿಮ್ಮ 50 ಎಂಎಂ ಪ್ಲಗ್ ಕಲ್ಲಿನೊಳಗೆ ಹೋದದ್ದು ಬರೀ 30-35 ಎಂಎಂ, ಆ ಕಲ್ಲೋ ಒಳಗೆ ಜೇನುಗೂಡಿನ ಹಾಗೆ ತೂತು ತೂತು. ಹ್ಯಾಮರ್ ಮೋಡಲ್ಲಿ (ಕುಟ್ಟುತ್ತಾ ತಿರುಗುವ ಹಾಗೆ) ಡ್ರಿಲ್ ಹೊಡೆದಿದ್ರೆ 8 ಎಂಎಂ ಬಿಟ್ ಹಾಕಿದ ತೂತು ಒಳಗಿಂದ ಉದುರಿ 10-11 ಆಗಿರ್ತದೆ, ಪ್ಲಗ್ ಅದ್ರೊಳಗೆ ಸುಮ್ನೆ ಕೂತಿರ್ತದೆ ಅಷ್ಟೆ.

ಇನ್ನು ಲೆಕ್ಕ ನೋಡಿ. ಬೆಂಚು ಗೋಡೆಯಿಂದ 20 ಇಂಚು ಹೊರಗೆ, ಸ್ಕ್ರೂಗಳ ಅಂತರ 6 ಇಂಚು. ಮುಂದಿನ ಅಂಚಿನಲ್ಲಿ ನೀವು 10 ಕಿಲೋ ಒತ್ತಿದ್ರೆ ಮೇಲಿನ ಸ್ಕ್ರೂಗಳನ್ನು ಯಾರೋ 33 ಕಿಲೋ ಹಾಕಿ ಹೊರಗೆ ಎಳೆದ ಹಾಗೆ. ಪ್ಲೇನ್ ಹೊಡೆಯುವಾಗ ಅದು ಹೋಗಿ ಬಂದು ಹೋಗಿ ಬಂದು. ಉದುರುವ ಕಲ್ಲಿಗೆ ಅದು ಎಷ್ಟು ದಿನ ತಡೀತದೆ? ಪುಟ್ಟಿ ತುಂಬಿಸಿದ್ರೆ ಹುಡಿಗೆ ಅಂಟ್ತದೆ, ಕಲ್ಲಿಗೆ ಅಂಟುದಿಲ್ಲ, ಹಾಗಾಗಿ ಪುಟ್ಟಿಯ ಬಿರಡೆ ಸಮೇತ ಎದ್ದು ಬರ್ತದೆ.

ಮಣಿಪಾಲ್_ಮಹಡಿ:
ಕೆಮಿಕಲ್ ಆಂಕರ್, ಅಂದ್ರೆ ರೆಸಿನ್ ಅಂಟಲ್ಲಿ ಕೂರಿಸುವ ಕಬ್ಬಿಣದ ರಾಡು, ಹಾಕ್ಲಿ ಅಲ್ವಾ? ಬಲೆಯ ಹಾಗಿನ ಸ್ಲೀವ್ ಸಿಗ್ತದೆ, ತೂತಿನ ಹುಡಿಯನ್ನು ಬ್ರಷ್ಷಲ್ಲಿ ತೆಗ್ದು ಪಂಪಲ್ಲಿ ಊದಿ ರೆಸಿನ್ ತುಂಬಿಸಿದ್ರೆ ಮುರಕಲ್ಲಲ್ಲೂ ಹಿಡೀತದೆ. ನಾನು ನೀರಿನ ಗೀಸರಿಗೆ ಹಾಗೇ ಮಾಡಿದ್ದು.

ಮುರಕಲ್ಲು:
ಹಿಡೀತದೆ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಗೀಸರ್ ತೂಗಿಕೊಂಡು ಸುಮ್ನೆ ಇರ್ತದೆ, ಬೆಂಚು ಅಲ್ಲಾಡ್ತದೆ. ಮತ್ತೆ ಬಾಡಿಗೆ ಮನೆ, ಬಿಟ್ಟು ಹೋಗುವಾಗ ಕಬ್ಬಿಣದ ರಾಡು ಗೋಡೆಯಲ್ಲೇ ಉಳೀತದೆ, ಓನರ್ ಹತ್ರ ಯಾರು ಬೈಸಿಕೊಳ್ಳುದು? ನನ್ನ ಮಟ್ಟಿಗೆ ಗೋಡೆಗೆ ಭಾರ ಹೊರಿಸುವ ಆಲೋಚನೆಯೇ ತಪ್ಪು. ಭಾರ ನೆಲಕ್ಕೆ ಹೋಗ್ಲಿ, ಗೋಡೆ ಬೆಂಚನ್ನು ಅಲ್ಲಾಡದ ಹಾಗೆ ಹಿಡ್ಕೊಂಡ್ರೆ ಸಾಕು. ಎದುರು ಕಾಲು ಕೊಡಿ.

ಬೆಂದೂರ್_ಬಾಲ್ಕನಿ:
ಕಾಲಿನ ಬಗ್ಗೆ ಆಲೋಚನೆ ಮಾಡಿದ್ದೆ ಅಣ್ಣ. ಬೆಂಚು ನೆಲದಿಂದ 33 ಇಂಚು, ಹಲಗೆ ಅಗಲ 20 ಇಂಚು. ಕೆಳಗೆ ಮಡಚಿದ್ರೆ 33 ಇಂಚಿನ ಕಾಲು ಎಲ್ಲಿ ಕೂತ್ಕೊಳ್ತದೆ? ಹಿಂದೆ 13 ಇಂಚು ಹೊರಗೆ ಬರ್ತದೆ, ಗೋಡೆಗೆ ಹೊಡೀತದೆ.

ಕಾಪು_ಕೀಸುಳಿ:
ಕೆಳಗೆ ಯಾಕೆ ಮಡಚುದು, ಮೇಲೆ ಮಡಚಿ! ನನ್ನ ಅಡಿಗೆಕೋಣೆ ಹಿಂದಿನ ಜಗಲಿ 5 ಅಡಿ ಅಗಲ, ಮೂರು ವರ್ಷದಿಂದ ಹೀಗೇ ಉಂಟು. ಗೋಡೆಗೆ 3 ಇಂಚು ಅಗಲ ಒಂದೂವರೆ ಇಂಚು ದಪ್ಪದ ಮರದ ಪಟ್ಟಿ ಒಂದು ಅಡ್ಡ ಹೊಡೀರಿ, ಬೆಂಚಿನಷ್ಟೇ ಉದ್ದಕ್ಕೆ, ಆರು ಕಡೆ ಉದ್ದ ಸ್ಕ್ರೂ, ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಡ್ರಿಲ್ ಮಾಡಿ, ಆರರಲ್ಲಿ ಎರಡು ಸಂದಿಗೆ ಬಿದ್ರೂ ನಾಲ್ಕು ಹಿಡೀತದೆ. ಹಲಗೆಯನ್ನು ಆ ಪಟ್ಟಿಯ ಮೇಲ್ಮುಖಕ್ಕೆ ತಿರುಗಣಿ (ಹಿಂಜ್) ಹಾಕಿ ಸೇರಿಸಿ. ಹಲಗೆಯ ಎದುರಿನ ಅಂಚಿಗೆ, ಅಡಿಯಿಂದ, ಕಾಲಿನ ಚೌಕಟ್ಟು ಇನ್ನೊಂದು ಜೊತೆ ತಿರುಗಣಿಯಲ್ಲಿ. ಹಲಗೆ ಎತ್ತಿ ಗೋಡೆಗೆ ಒರಗಿಸಿದ್ರೆ ಅಂಚು 53 ಇಂಚಿನಲ್ಲಿ ನಿಲ್ತದೆ, ಕಾಲು ತನ್ನಷ್ಟಕ್ಕೆ ಕೆಳಗೆ ತೂಗಿ ನೆಲದಿಂದ 20 ಇಂಚು ಮೇಲೆ ನಿಲ್ತದೆ, ಅದಕ್ಕೆ ಬೇರೆ ಜಾಗವೇ ಬೇಡ. ಮೇಲೊಂದು ಚಿಲಕ ಹಾಕ್ಲಿಕ್ಕೆ ಮರೀಬೇಡಿ, ನಂಗೊಮ್ಮೆ ತಲೆ ಮೇಲೆ ಬಿದ್ದಿದೆ. ಉಪಕರಣ ನೇತಾಡಿಸುವ ಬೋರ್ಡು ಇದ್ರೆ ನಾಲ್ಕೂವರೆ ಅಡಿಯಿಂದ ಮೇಲೆ ಹಾಕಿ.

ಇನ್ನೊಂದು, ನೀವು ಬಲಗೈಯವ್ರಾ?

ಬೆಂದೂರ್_ಬಾಲ್ಕನಿ:
ಹೌದು, ಬಲಗೈ. ಯಾಕೆ?

ಕಾಪು_ಕೀಸುಳಿ:
ಬಲಗೈಯವ್ರು ಪ್ಲೇನನ್ನು ಬಲದಿಂದ ಎಡಕ್ಕೆ ತಳ್ಳುದು. ಹಾಗಾಗಿ ಬೆಂಚಿನ ಎಡತುದಿ ಬಾಲ್ಕನಿಯ ಗಿಡ್ಡ ಗೋಡೆಗೆ ಸರಿಯಾಗಿ ತಾಗಿರ್ಬೇಕು, ಬೆರಳು ತೂರುವಷ್ಟು ಸಂದಿ ಕೂಡ ಬೇಡ. ನೀವು ತಳ್ಳಿದ್ದೆಲ್ಲ ಆ ಗೋಡೆ ತಗೊಳ್ತದೆ, ಸ್ಕ್ರೂವಿಗೆ ಬರುದೇ ಇಲ್ಲ. ಆದ್ರೆ ಮರವನ್ನು ತಡೆಯುವ ತುಂಡನ್ನು ಗೋಡೆಯಿಂದ ಒಂದು ಅಡಿ ಈಚೆ ಇಡಿ. ಇಲ್ಲದಿದ್ರೆ ಪ್ಲೇನ್ ಮರ ದಾಟಿ ಹೋಗುವಾಗ ಮೂತಿ ಗೋಡೆಗೆ, ಅದರ ಹಿಂದೆಯೇ ಗೆಣ್ಣು. ಸಿಮೆಂಟಿಗೆ ಗೆಣ್ಣು ಉಜ್ಜಿದ್ರೆ ಎರಡು ದಿನ ಗಂಜಿಗೆ ಉಪ್ಪಿನಕಾಯಿ ಮುಟ್ಲಿಕ್ಕಾಗುದಿಲ್ಲ.

ಬೆಂದೂರ್_ಬಾಲ್ಕನಿ:
ಎಡಬದಿಯಲ್ಲಿ ವಾಷಿಂಗ್ ಮೆಷಿನ್ ಉಂಟು. ಎಂಚಿನ ಸಾವು ಮಾರಾಯ್ರೆ. ಪ್ಲಂಬರನ್ನು ಕರೀಬೇಕಾ ಈಗ?

ಮುರಕಲ್ಲು:
ಪೈಪ್ ಉದ್ದ ಮಾಡಿಸುದು ಗೋಡೆ ತೂತು ಮಾಡುದಕ್ಕಿಂತ ಸುಲಭ. ಮನೆಯಲ್ಲಿ ಒಪ್ಪಿಸುದು ನಿಮ್ಮ ಕೆಲಸ.

ಮಣಿಪಾಲ್_ಮಹಡಿ:
ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ಚೌಕಟ್ಟಿಗೆ ಪ್ಲೈ ತರುವಾಗ 8×4 ಶೀಟು ಇಡೀ ಮನೆಗೆ ತರಬೇಡಿ, ಹಳೇ ಫ್ಲ್ಯಾಟಿನ ಲಿಫ್ಟಿಗೆ ಹೋಗುದಿಲ್ಲ, ಮೆಟ್ಟಿಲಲ್ಲಿ ತಿರುಗುದಿಲ್ಲ, ತಿರುಗಿದ್ರೂ ಬಾಲ್ಕನಿಯಲ್ಲಿ ಮಲಗಿಸ್ಲಿಕ್ಕೆ ಜಾಗ ಇಲ್ಲ. ಅಂಗಡಿಯಲ್ಲೇ ಉದ್ದಕ್ಕೆ ಮೂರು ಪಟ್ಟಿ ಸೀಳಿಸಿ. ಶೀಟು 1220 ಎಂಎಂ, ಬ್ಲೇಡು ಒಂದೊಂದು ಸೀಳಿಗೆ 3 ಎಂಎಂ ತಿಂತದೆ, ಹಾಗಾಗಿ 404 ಅಂತ ಬರೆದುಕೊಡಿ, 406 ಕೇಳಿದ್ರೆ ಮೂರನೇದು ಕಮ್ಮಿ ಬಂದು ಆಮೇಲೆ ಅವ್ರನ್ನು ಬೈಯುದು ನಾವು. ಮಳೆ ಸಿಡಿಯುವ ಬಾಲ್ಕನಿ ಅಂದ್ರೆ ಐಎಸ್ 710 ಸೀಲ್ (ನೀರಿಗೆ ತಡೆಯುವ ಮರೈನ್ ಪ್ಲೈಯ ಗುರುತು) ಇದ್ದದ್ದೇ ತಗೊಳ್ಳಿ, ಅಂಚಿಗೆ ಎರಡು ಕೋಟ್ ಪೈಂಟ್ ಹೊಡೀರಿ, ನೀರು ಕುಡಿಯುದು ಅಂಚಿನಿಂದಲೇ.

ಮಲ್ಪೆ_ಉಪ್ಪುಗಾಳಿ:
ಜೂನ್ ಬರ್ಲಿ, ಆಗ ಬೆಂಚು ಗಟ್ಟಿ ಇರ್ತದೆ, ಪ್ಲೇನ್ ಕೆಂಪಾಗಿರ್ತದೆ 😀 ಉಳಿ, ಪ್ಲೇನ್, ಗರಗಸ ಯಾವುದನ್ನೂ ಬಾಲ್ಕನಿಯಲ್ಲಿ ಬಿಡಬೇಡಿ. ಒಳಗೆ ಬಾಗಿಲಿರುವ ಸಣ್ಣ ಕಪಾಟು, ಅದ್ರಲ್ಲಿ ಹಳೇ ಕಾಲದ 15 ವಾಟಿನ ಝೀರೋ ಬಲ್ಬು, ಬಟ್ಟೆ ಕಪಾಟಿಗೆ ಬೂಸ್ಟು ಹಿಡಿಯದ ಹಾಗೆ ಇಡ್ತಾರಲ್ಲ ಹಾಗೆ, ಬಟ್ಟೆ ಕಾಗದ ಹತ್ರ ಇಡಬೇಡಿ. ಎಲ್‌ಇಡಿ ಹಾಕಿದ್ರೆ ಬೆಳಕು ಬರ್ತದೆ, ಬಿಸಿ ಸಾಕಾಗುದಿಲ್ಲ. ಕಬ್ಬಿಣಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಸಾಕು. ಅಗಸೆ ಎಣ್ಣೆ ಪಾಲಿಶ್ ಮಾಡುವವ್ರು ಒಂದು ನೆನಪಿಡಿ, ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡಿದ್ರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ತದೆ, ನಿಜವಾಗಿಯೂ. ಒಂಟಿ ಪದರದಲ್ಲಿ ಹೊರಗೆ ಹರಡಿ ಒಣಗಿಸಿ ಬಿಸಾಡಿ.

ಬೆಂದೂರ್_ಬಾಲ್ಕನಿ:
ಮೂರು ವಾರ ಆದ್ಮೇಲೆ ಬಂದೆ. ಮೆಷಿನ್ ಬಲಕ್ಕೆ ಹೋಯ್ತು, ಪೈಪಿನ ಖರ್ಚು ಕೇಳ್ಬೇಡಿ. ಪಟ್ಟಿ, ತಿರುಗಣಿ, ಕಾಲು ಎಲ್ಲ ಕಾಪುವಿನ ಅಣ್ಣ ಹೇಳಿದ ಹಾಗೆಯೇ ಮಾಡಿದೆ, ಮಡಚಿದ್ರೆ ಗೋಡೆಗೆ ಫೋಟೋ ಹಾಕಿದ ಹಾಗೆ ಕಾಣ್ತದೆ. ಪಟ್ಟಿ ಕಲ್ಲು ಕಲ್ಲಾಗಿ ನಿಂತಿದೆ. ಆದ್ರೆ ಬೆಂಚು ಈಗ್ಲೂ ಟಕ್ ಟಕ್ ಅಂತದೆ! ಒಂದು ಕಾಲು ನೆಲಕ್ಕೆ ತಾಗುದಿಲ್ಲ. ಎರಡೂ ಕಾಲು 33ಕ್ಕೇ ಕೊಯ್ದದ್ದು, ಮೂರು ಸಲ ಅಳತೆ ಹಾಕಿದ್ದೇನೆ.

ಮುರಕಲ್ಲು:
ಒಂದು ಚೊಂಬು ನೀರು ನೆಲಕ್ಕೆ ಹೊಯ್ಯಿರಿ.

ಬೆಂದೂರ್_ಬಾಲ್ಕನಿ:
ಹೊಯ್ದೆ. ಬಲಬದಿಯ ಮೋರಿಗೆ ಓಡಿತು. ಅಯ್ಯೋ ದೇವ್ರೆ.

ಮುರಕಲ್ಲು:
ಮಳೆನೀರು ಹೋಗ್ಲಿಕ್ಕೆ ಬಾಲ್ಕನಿ ನೆಲವನ್ನು ಇಳಿಜಾರು ಮಾಡ್ತಾರೆ, ನಿಮ್ಮ ಅಳತೆ ಸರಿಯೇ ಇತ್ತು, ನೆಲ ಸಪಾಟು ಇರ್ಲಿಲ್ಲ ಅಷ್ಟೆ. ತಾಗದ ಕಾಲಿನ ಅಡಿಗೆ ಮರದ ಚೂರು ಕೊಡ್ಲಿಕ್ಕೆ ಹೋಗ್ಬೇಡಿ, ನಾಳೆ ಜಾರಿ ಹೋಗ್ತದೆ. ಎರಡೂ ಕಾಲನ್ನು ಒಂದು ಇಂಚು ಗಿಡ್ಡ ಮಾಡಿ, ಅಡಿಯಲ್ಲಿ ತೂತು ಕೊರೆದು ನಟ್ಟು ಕೂರಿಸಿ, 10 ಎಂಎಂ ಬೋಲ್ಟು ತಿರುಗಿಸಿ ಹಾಕಿ. ಯಾವ ಕಾಲಿಗೆ ಎಷ್ಟು ಬೇಕೋ ಅಷ್ಟು ತಿರುಗಿಸಿದ್ರಾಯ್ತು. ಬೋಲ್ಟಿನ ತಲೆಗೆ ಕುರ್ಚಿಗೆ ಹಾಕುವ ರಬ್ಬರ್ ಬುಷ್ ಹಾಕಿದ್ರೆ ಜಾರುದೂ ಇಲ್ಲ, ಕಾಲಿನ ಮರ ನೀರಿನಲ್ಲಿ ನಿಲ್ಲುದೂ ಇಲ್ಲ.

ಬೆಂದೂರ್_ಬಾಲ್ಕನಿ:
ಬಂದರಿನಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಟ್ಟು ಬೋಲ್ಟು ತಂದು ನಿನ್ನೆ ರಾತ್ರಿ ಹಾಕಿದೆ. ಬಲಗಾಲಿನ ಬೋಲ್ಟು ಎಡಗಾಲಿಗಿಂತ 14 ಎಂಎಂ ಜಾಸ್ತಿ ಹೊರಗೆ ಬಂದಿದೆ. ಇವತ್ತು ಬೆಳಿಗ್ಗೆ ಹಲಸಿನ ಹಲಗೆ ಒಂದನ್ನು ಈ ತುದಿಯಿಂದ ಆ ತುದಿಗೆ ಪ್ಲೇನ್ ಹೊಡೆದೆ, ಬೆಂಚಿನ ಮೇಲೆ ಇಟ್ಟ ಚಾ ಲೋಟದಲ್ಲಿ ಸಣ್ಣ ಅಲೆ ಮಾತ್ರ ಎದ್ದದ್ದು, ಚೆಲ್ಲಲಿಲ್ಲ. ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದು ತುಳಸಿ ಚಟ್ಟಿ ತುಂಬಾ ಆಯ್ತು, ಅಮ್ಮ ಗೊಬ್ಬರ ಆಗ್ತದಾ ಅಂತ ಕೇಳ್ತಿದ್ದಾರೆ. ಯಾರಿಗಾದ್ರೂ ಗೊತ್ತುಂಟಾ?

ಕಾಪು_ಕೀಸುಳಿ:
ಹಸಿ ಸಿಪ್ಪೆಯನ್ನು ಮಣ್ಣಿಗೆ ಕಲಸಿದ್ರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳ್ಕೊಳ್ತದೆ, ಗಿಡ ಹಳದಿ ಆಗ್ತದೆ. ಮೇಲಿಂದ ತೆಳುವಾಗಿ ಹರಡಿ, ತೊಂದ್ರೆ ಇಲ್ಲ. ಪ್ಲೈವುಡ್ಡಿನ ಹುಡಿ ಮಾತ್ರ ಹಾಕ್ಬೇಡಿ, ಅದ್ರಲ್ಲಿ ಅಂಟು ಉಂಟು.